ಬೆಚ್ಚಗಿಟ್ಟ ಹರಳು

ಹೊಲಿಗೆ ಮೆಷಿನ್ ಪಕ್ಕದಿಂದ,
ಮಾರ್ಚ್ ೯, ಭಾನುವಾರ ಮಧ್ಯಾಹ್ನ

ನನ್ನ ಮುದ್ದಿನ ಗುಬ್ಬೀ,

ಹೇಗಿದ್ದೀಯಮ್ಮಾ? ಕೆಮ್ಮು ಪೂರ್ತಿ ಹೋಯಿತಾ, ಇಲ್ಲ ಹೋಯಿತು ಅಂತ ಹೇಳಿಕೊಂಡು ಓಡಾಡುತ್ತಿದ್ದೀಯಾ? ಲ್ಯಾಬಿನಲ್ಲಿ ಕೈಗವಸು, ಕನ್ನಡಕ ಹಾಕಿಕೊಳ್ಳುತ್ತೀಯಲ್ಲ? ಮೊದಲು ನನಗೆ ಆಸಿಡ್ ಎಂದರೆ ಸುಮ್ಮನೆ ಒಂದು ಭಯವಿತ್ತು. ಈಗ ಸಂಜೆ ಶಾಲೆಯಲ್ಲಿ ಪಾಠ ಕೇಳಿದ ಮೇಲೆ ಯಾವುದಕ್ಕೆ ಎಷ್ಟು ಹೆದರಬೇಕೆಂದು ವಿವರವಾಗಿ ಗೊತ್ತಾಗಿದೆ, ಹಾಗಾಗಿ ಜಾಸ್ತಿಯೇ ಆಗಿದೆ. ಆಸಿಡ್ಡನ್ನು ನೀರಿಗೆ ಹಾಕಬೇಕಂತೆ, ನೀರನ್ನು ಆಸಿಡ್ಡಿಗೆ ಹಾಕಬಾರದಂತೆ, ಕುದಿದು ಮುಖಕ್ಕೆ ಸಿಡಿಯುತ್ತದಂತೆ. ದಿನವೂ ಅದೇ ಕೆಲಸ ಮಾಡುವವಳಿಗೆ ನಾನು ಹೇಳಬೇಕಾಗಿಲ್ಲ. ಆದರೂ ಬರೆದಾಯಿತು, ಹೊಡೆದುಹಾಕಿದರೆ ಹಾಳೆ ಗಲೀಜಾಗುತ್ತದೆ.

ಸಿಟ್ಟು ಮಾಡಿಕೊಳ್ಳಬೇಡ. "ಅಮ್ಮಾ, ಸ್ವಲ್ಪ ದಿನ ಫೋನ್ ಮಾಡ್ಬೇಡ, ನಾನೇ ಮಾಡ್ತೀನಿ" ಎಂದಿದ್ದೆ. ನಾನು ಮಾಡಿಲ್ಲ. ಫೋನನ್ನು ಗುಂಡಿಗಳ ಡಬ್ಬಿಯಲ್ಲಿ ಹಾಕಿಟ್ಟಿದ್ದೇನೆ. ಬೇಕೆಂದರೆ ಗುಂಡಿಗಳನ್ನೆಲ್ಲ ಸುರಿದು ಹುಡುಕಬೇಕು, ಅಷ್ಟರಲ್ಲಿ ಬುದ್ಧಿ ಬರುತ್ತದೆ. ನೀನು ನೀರಿನ ಪರೀಕ್ಷೆಯಲ್ಲಿ ಆಸಿಡ್ ತೊಟ್ಟು ತೊಟ್ಟಾಗಿ ಬಿಡುತ್ತಿದ್ದಾಗ ನನ್ನ ಫೋನ್ ಬಂದು, ಬಣ್ಣ ತಿರುಗುವ ಹೊತ್ತಿಗೆ ನೀನು ಇತ್ತ ನೋಡಿ, ಎಲ್ಲ ಚೆಲ್ಲಿ ಮೊದಲಿನಿಂದ ಮಾಡಬೇಕಾಯಿತಲ್ಲ, ಎಲ್ಲರೆದುರಿಗೆ ನಿಮ್ಮ ಸಾಹೇಬರು "ಮತ್ತೆ ಅಮ್ಮನಾ?" ಎಂದರಲ್ಲ, ಅದು ನನ್ನ ಕಿವಿಯಿಂದ ಹೋಗಿಲ್ಲ. ಊಟ ಆಯಿತಾ ಎಂದು ಕೇಳುವುದಕ್ಕೆ ಮಾಡಿದ್ದು, ಅಷ್ಟೇ. ಇಷ್ಟು ದಿನವಾದರೂ ನಿನ್ನ ಫೋನ್ ಬಂದಿಲ್ಲ. ಪತ್ರ ಬರೆಯಬೇಡ ಎಂದು ಅವಳು ಹೇಳಿಲ್ಲವಲ್ಲ ಎಂದು ನಿಮ್ಮಪ್ಪನೇ ದಾರಿ ತೋರಿಸಿದರು.

ಸಂಜೆ ಶಾಲೆ ನಡೆಯುತ್ತಿದೆ. ನಮ್ಮಮ್ಮ ಹಾಸಿಗೆ ಹಿಡಿದಾಗ ಒಂಬತ್ತನೇ ತರಗತಿಯಲ್ಲಿ ಬಿಟ್ಟ ಪುಸ್ತಕ, ಈಗ ತೆರೆದರೆ ಅಕ್ಷರಗಳೆಲ್ಲ ಸಣ್ಣಗಾಗಿವೆ. ಕೆಮಿಸ್ಟ್ರಿ ಮೇಡಂ ನಿನಗಿಂತ ಚಿಕ್ಕವಳು, ಆದರೂ ಅವಳೆದುರು ನನ್ನ ನಾಲಿಗೆ ಒಣಗುತ್ತದೆ. ಮೊನ್ನೆ ಅಯಾನಿಕ ಬಂಧ ಹೇಳಿಕೊಟ್ಟಳು. ಸೋಡಿಯಂ ಒಂದು ಎಲೆಕ್ಟ್ರಾನ್ ಕೊಡುತ್ತದಂತೆ, ಕ್ಲೋರಿನ್ ತೆಗೆದುಕೊಳ್ಳುತ್ತದಂತೆ, ಎರಡೂ ಅಂಟಿಕೊಂಡು ಉಪ್ಪಾಗುತ್ತವಂತೆ. ನಾನು ಧೈರ್ಯ ಮಾಡಿ, "ಕೊಟ್ಟಿದ್ದನ್ನ ಅದು ವಾಪಸ್ ಕೇಳಲ್ವಾ ಮೇಡಂ?" ಎಂದೆ. ಹಿಂದಿನ ಬೆಂಚಿನ ಬಸ್ ಕಂಡಕ್ಟರ್, "ಅಕ್ಕಾ, ಅದು ಚಿಲ್ಲರೆ ಅಲ್ಲ" ಎಂದ. ಎಲ್ಲರೂ ನಕ್ಕರು. ಮೇಡಂ ಮಾತ್ರ ನಗಲಿಲ್ಲ. "ಕೊಟ್ಟ ಮೇಲೇ ಅದಕ್ಕೆ ನೆಮ್ಮದಿ ಅಮ್ಮಾ, ಯಾಕೆ ಕೇಳುತ್ತೆ?" ಎಂದಳು. ಆಮೇಲೆ ಎಣ್ಣೆ ನೀರಿನಲ್ಲಿ ಏಕೆ ಕರಗುವುದಿಲ್ಲ, ಸಕ್ಕರೆ ಬಿಸಿ ನೀರಿನಲ್ಲಿ ಏಕೆ ಜಾಸ್ತಿ ಕರಗುತ್ತದೆ ಎಂದೆಲ್ಲ ಹೇಳಿದಳು. ತಲೆಯಾಡಿಸಿದೆ. ಈ ಎರಡನೆಯದು ತಲೆಯೊಳಗೆ ಇಳಿದಿರಲಿಲ್ಲ ಎನ್ನುವುದು ಆಮೇಲೆ ಗೊತ್ತಾಯಿತು.

ಪ್ರಾಕ್ಟಿಕಲ್ ಪರೀಕ್ಷೆಗೆ ಒಬ್ಬೊಬ್ಬರೂ ಮನೆಯಲ್ಲಿ ಒಂದು ಪಟಿಕದ ಹರಳು ಬೆಳೆಸಿ ತರಬೇಕು. ಬಿಸಿ ನೀರಿಗೆ ಇನ್ನು ಕರಗುವುದಿಲ್ಲ ಎನ್ನುವಷ್ಟು ಪಟಿಕ ಹಾಕಿ, ತಣ್ಣಗಾದ ಮೇಲೆ ಸೋಸಿ, ಒಂದು ಸಣ್ಣ ಹರಳನ್ನು ದಾರಕ್ಕೆ ಕಟ್ಟಿ ಇಳಿಬಿಟ್ಟು, ಮುಟ್ಟದೆ ಬಿಡಬೇಕು. ಅದು ಇಷ್ಟಿಷ್ಟೇ ಬೆಳೆಯುತ್ತದೆ. ದಾರ ಕಟ್ಟುವುದು ನನಗೇನು ಕಷ್ಟ? ಆ ಮುಟ್ಟದೆ ಬಿಡುವುದಿದೆಯಲ್ಲ, ಅದೇ ಆಗಲಿಲ್ಲ. ಒಂದು ಪ್ಯಾಂಟಿನ ಅಂಚು ಹೊಲಿದು ಎದ್ದು ನೋಡುವುದು, ಒಂದು ಜಿಪ್ ಹಾಕಿ ಎದ್ದು ನೋಡುವುದು, ದಾರ ಎತ್ತಿ ಬೆಳಕಿಗೆ ಹಿಡಿಯುವುದು. ನಿಮ್ಮಪ್ಪ ಫ್ಯಾನ್ ರಿಪೇರಿ ಮಾಡುತ್ತಾ ಕೂತವರು, "ಅದಕ್ಕೂ ಊಟ ಆಯ್ತಾ ಅಂತ ಕೇಳಿಬಿಡು" ಎಂದರು. ನನಗೆ ಮೈಯೆಲ್ಲ ಉರಿಯಿತು. ಅವತ್ತು ಸಂಜೆ ಚಳಿ ಜಾಸ್ತಿಯಿತ್ತು. ಪಾಪ, ಚಿಕ್ಕದು, ಬೆಚ್ಚಗಿದ್ದರೆ ಬೇಗ ಬೆಳೆಯಬಹುದು ಎಂದುಕೊಂಡು ಗಾಜಿನ ಲೋಟಕ್ಕೆ ನಿನ್ನ ಹಳೆಯ ಸ್ವೆಟರ್ ಸುತ್ತಿ, ಬಿಸಿ ನೀರಿನ ಪಾತ್ರೆಯೊಳಗೆ ಇಟ್ಟೆ. ನೀರು ಆರಿದ ಹಾಗೆಲ್ಲ ಬದಲಾಯಿಸಿದೆ. ಬೆಳಿಗ್ಗೆ ದಾರ ಎತ್ತಿದರೆ ಬರೀ ದಾರ.

ಲೋಟ ಎತ್ತಿಕೊಂಡು ಹಾಗೇ ಶಾಲೆಗೆ ಹೋದೆ ಗುಬ್ಬೀ, ಕೂದಲು ಕೂಡ ಬಾಚಿರಲಿಲ್ಲ. ಮೇಡಂ ಹಗಲು ಹೊತ್ತು ಅಲ್ಲೇ ಮಕ್ಕಳಿಗೆ ಪಾಠ ಮಾಡುತ್ತಾಳೆ. ಅವಳ ಮೇಜಿನ ಮೇಲಿಟ್ಟು, "ಸತ್ತುಹೋಯ್ತು ಮೇಡಂ" ಎಂದೆ. ಅವಳು ಬಗ್ಗಿ ನೋಡಿ, "ಸತ್ತಿಲ್ಲ ಅಮ್ಮಾ, ಬಿಸಿಗೆ ಕರಗಿದೆ. ಇದರಲ್ಲೇ ಇದೆ, ಎಲ್ಲೂ ಹೋಗಿಲ್ಲ. ಇನ್ನೊಂದು ಚೂರು ಕಟ್ಟಿ, ತಣ್ಣಗಿರೋಕೆ ಬಿಡಿ. ನೀವು ಮಾತ್ರ ದೂರ ಇರಿ" ಎಂದಳು. ಕೊನೆಯ ಮಾತು ನಗುತ್ತಲೇ ಹೇಳಿದಳು. ನನಗೆ ಯಾಕೋ ಅವಳೆದುರಿಗೇ ಅಳು ಬಂತು. ಪಟಿಕಕ್ಕೆ ಇಷ್ಟು ಅಳುವವರನ್ನು ಅವಳು ನೋಡಿರಲಿಕ್ಕಿಲ್ಲ.

ಹೊಸ ಚೂರು ಕಟ್ಟಿದ ಮೇಲೆ ನಿಮ್ಮಪ್ಪ ಲೋಟವನ್ನು ಬೀರುವಿನ ಮೇಲಿಟ್ಟು, ಸ್ಟೂಲನ್ನು ತಮ್ಮ ರಿಪೇರಿ ಅಂಗಡಿಗೇ ಒಯ್ದುಬಿಟ್ಟರು. ನನಗೆ ಕೈಯೂ ಎಟುಕದು, ಕಣ್ಣೂ ಎಟುಕದು. ಮೊದಲೆರಡು ದಿನ ಹೊಲಿಗೆಯೆಲ್ಲ ಸೊಟ್ಟ. ಆಮೇಲೆ ಅಭ್ಯಾಸವಾಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಆದರೆ ನಿನ್ನೆ ಅವರು ಇಳಿಸಿ ಅಂಗೈ ಮೇಲಿಟ್ಟರು. ಹುಣಸೆಬೀಜಕ್ಕಿಂತ ದೊಡ್ಡದು, ಮೂಲೆಗಳೆಲ್ಲ ಕತ್ತರಿಸಿಟ್ಟ ಹಾಗೆ, ಈ ಕಡೆಯಿಂದ ನೋಡಿದರೆ ಆ ಕಡೆ ಕಾಣುತ್ತದೆ. ನಾನು ಏನೂ ಮಾಡದೆ ಇದ್ದುದಕ್ಕೆ ಬೆಳೆದದ್ದು! ಸಂತೋಷಪಡಬೇಕೋ ಬೇಜಾರು ಮಾಡಿಕೊಳ್ಳಬೇಕೋ ತಿಳಿಯಲಿಲ್ಲ. ನಾನು ಯಾವುದರ ಬಗ್ಗೆ ಬರೆಯುತ್ತಿದ್ದೇನೆಂದು ನಿನಗೆ ಅರ್ಥವಾಗುತ್ತದೆ, ನೀನು ಮೊದಲಿನಿಂದಲೂ ಜಾಣೆ.

ನಿನ್ನ ರೂಮಿನ ಗೆಳತಿಗೆ ನನ್ನ ನೆನಪು ಹೇಳು. ನಿಮ್ಮಪ್ಪ ಆಶೀರ್ವಾದ ಹೇಳಿದ್ದಾರೆ; ಬಾಯಿಬಿಟ್ಟಲ್ಲ, ಲಕೋಟೆಗೆ ಅಂಟು ಹಚ್ಚಲು ಬಂದು ನಿಂತಿದ್ದಾರೆ. ನೀನು ಇರುವಲ್ಲಿ ತಣ್ಣಗಿರು ತಾಯೀ. ಬೆಳೆ.

ಇಂತಿ, ದೂರ ಇರುವುದನ್ನು ಕಲಿಯುತ್ತಿರುವ
ನಿನ್ನ ಅಮ್ಮ

ಮರೆತೆ: ಪ್ರಾಕ್ಟಿಕಲ್ ಪರೀಕ್ಷೆ ಈ ವಾರವಲ್ಲ, ಮುಂದಿನ ಶುಕ್ರವಾರ ಬೆಳಿಗ್ಗೆ. ಹರಳು ತೋರಿಸಿದ ಮೇಲೆ ಹೊರಗಿನಿಂದ ಬಂದವರು ಎದುರು ಕೂರಿಸಿಕೊಂಡು ಪ್ರಶ್ನೆ ಕೇಳುತ್ತಾರಂತೆ. ನಾನು ಈಗಲೇ ಉತ್ತರಗಳನ್ನೆಲ್ಲ ಹೊಲಿಗೆ ಮೆಷಿನ್ನಿಗೆ ಒಪ್ಪಿಸುತ್ತಿದ್ದೇನೆ. ಅವತ್ತು ಒಂದು ದಿನ, ನಿನ್ನ ಕೆಲಸಕ್ಕೆ ತೊಂದರೆಯಾಗದ ಹಾಗಿದ್ದರೆ, ನಾನು ಹೊರಡುವ ಮುಂಚೆ ಫೋನ್ ಮಾಡಿ ನನಗೆ ಊಟ ಆಯಿತಾ ಎಂದು ಕೇಳುತ್ತೀಯಾ? ಗುಂಡಿಗಳ ಡಬ್ಬಿ ಹಿಂದಿನ ದಿನವೇ ಖಾಲಿ ಮಾಡಿಟ್ಟಿರುತ್ತೇನೆ. ಆದರೂ ತಕ್ಷಣ ಎತ್ತುವುದಿಲ್ಲ, ಎರಡು ಸಲ ರಿಂಗ್ ಆಗಲು ಬಿಡುತ್ತೇನೆ.