ಗಂಟನ್ನು ಬೈಯಲು ಬಿಡಿ

ಮಾನ್ಯ ಆಡಳಿತಾಧಿಕಾರಿಗಳೇ,

ಕಳೆದ ಜುಲೈ ಹದಿನಾರರ ಬುಧವಾರ, ಬೆಳಿಗ್ಗೆ ಹನ್ನೊಂದೂವರೆಗೆ, ತಾವು ನಡೆಸುವ ಧರ್ಮಾಸ್ಪತ್ರೆಯ ಕಿಮೋ ವಾರ್ಡಿನಲ್ಲಿ, ಕೈಗೆ ಸೂಜಿ ಚುಚ್ಚಿಸಿಕೊಂಡು ಕೂತಿದ್ದ ಒಬ್ಬ ಹೆಂಗಸಿಗೆ ಹಾಡು ನಿಲ್ಲಿಸಲು ಹೇಳಿದಿರಿ. "ಇದು ಆಸ್ಪತ್ರೆಯಮ್ಮ, ನಿಮ್ಮ ಕಾಡಲ್ಲ" ಎಂದೂ ಸೇರಿಸಿದಿರಿ. ತಮ್ಮ ಹಿಂದೆ ನಿಂತಿದ್ದ ನಾಲ್ವರು ದಾನಿಗಳು ನೆಲ ನೋಡಿದರು. ಸಂಜೆಯೊಳಗೆ ನೋಟಿಸ್ ಬೋರ್ಡಿಗೆ ಆದೇಶ ಅಂಟಿತು: ವಾರ್ಡಿನಲ್ಲಿ ಅಸಭ್ಯ ಹಾಡು ಮತ್ತು ವಾದನ ನಿಷೇಧಿಸಲಾಗಿದೆ, ಸಕಾರಾತ್ಮಕ ಚಟುವಟಿಕೆಗಳಿಗೆ ಮಾತ್ರ ಅವಕಾಶವಿದೆ. ಆ ಹೆಂಗಸಿನ ಹೆಸರು ಮುದ್ದಿ. ವಾರಕ್ಕೊಂದರಂತೆ ಅವಳಿಗೆ ಹನ್ನೆರಡು ಸಲ ಔಷಧಿ ಇಳಿಸಬೇಕಿತ್ತು. ಎಂಟು ಆಗಿದೆ, ನಾಲ್ಕು ಬಾಕಿ. ಮೂರು ಬುಧವಾರಗಳಿಂದ ಅವಳು ಬಂದಿಲ್ಲ. ಇನ್ನೂ ತಡವಾದರೆ ಇಳಿಸಿದ ಎಂಟಕ್ಕೂ ಅರ್ಥವಿರುವುದಿಲ್ಲ ಎಂದು ತಮ್ಮದೇ ವೈದ್ಯರು ನನ್ನೆದುರು ಹೇಳಿದ್ದಾರೆ. ತಮ್ಮೆದುರು ಹೇಳಿದ್ದಾರೋ ಇಲ್ಲವೋ ತಿಳಿಯದು.

ನಾನು ಯಾರೆಂದು ತಮಗೆ ಗೊತ್ತಿರಲಾರದು. ಕುರ್ಚಿ ಸಂಖ್ಯೆ ನಾಲ್ಕು ಎಂದರೆ ನೆನಪಾದೀತು. ಮಡಿಕೇರಿಯ ಶಾಲೆಯೊಂದರಲ್ಲಿ ಮೂವತ್ತೊಂದು ವರ್ಷ ಕನ್ನಡ ಕಲಿಸಿದವಳು. ಕೆಟ್ಟ ಮಾತಾಡಿದ ಮಕ್ಕಳನ್ನು ಬೆಂಚಿನ ಮೇಲೆ ನಿಲ್ಲಿಸಿದವಳು. ನಾಲಿಗೆಗೆ ಉಪ್ಪು ಸವರುತ್ತೇನೆಂದು ಹೆದರಿಸಿದವಳು. ಅಂಥವಳು ಇಳಿವಯಸ್ಸಿನಲ್ಲಿ, ಎಡ ಸ್ತನ ಕಳೆದುಕೊಂಡು, ತಲೆಗೆ ಟೊಪ್ಪಿ ಹಾಕಿಕೊಂಡು, ಬೈಗುಳದ ಪರವಾಗಿ ಪತ್ರಿಕೆಗೆ ಬರೆಯುವ ಸ್ಥಿತಿಗೆ ಬಂದಿದ್ದೇನೆ. ಇದಕ್ಕೆ ತಾವೇ ಕಾರಣ. ತಮ್ಮ ಆಡಳಿತ ವೈಖರಿಯಿಂದ ಶಿಕ್ಷಕ ವರ್ಗ ಇಷ್ಟು ಬದಲಾಗಬಹುದೆಂದು ನಾನು ಎಣಿಸಿರಲಿಲ್ಲ.

ನಡೆದದ್ದನ್ನು ಮೊದಲಿನಿಂದ ಹೇಳುತ್ತೇನೆ. ಏಕೆಂದರೆ ಆದೇಶ ಬರೆಯುವ ಮೊದಲು ತಾವು ಯಾರನ್ನೂ ಕೇಳಲಿಲ್ಲ.

ಮೇ ತಿಂಗಳ ಕೊನೆಗೆ ಚಂದನಾ ಎಂಬ ಹುಡುಗಿ ನಮ್ಮ ವಾರ್ಡಿಗೆ ಬಂದಳು. ಕಾಯಿಲೆಯವರ ಮನಸ್ಸು ಹಗುರ ಮಾಡಲು ಚಿತ್ರ, ಮಣ್ಣು, ಹಾಡು ಬಳಸುವುದನ್ನು ಓದಿಕೊಂಡು ಬಂದವಳು. ಆಕೆಯನ್ನು ನೇಮಿಸಿದ ಕೀರ್ತಿ ತಮ್ಮದು, ಅದನ್ನು ಕಸಿಯುವುದಿಲ್ಲ. ಆರು ಕುರ್ಚಿಗಳಿಗೂ ಕಾಗದ ಹಂಚಿ, "ನಿಮ್ಮ ಕಾಯಿಲೆ ನಿಮಗೆ ಹೇಗೆ ಕಾಣ್ತದೆ, ಹಾಗೆ ಬಿಡಿಸಿ" ಎಂದಳು. ನಾನು ಪರೀಕ್ಷೆಗೆ ಕೂತವಳಂತೆ ಒಂದು ಕಮಲ ಬಿಡಿಸಿದೆ. ಪಕ್ಕದ ಕುರ್ಚಿಯ ಸಂಪಾಜೆಯ ಮೊಣ್ಣಪ್ಪನವರು, ಹೊಟ್ಟೆಯ ಕ್ಯಾನ್ಸರಿನ, ಅರೆಭಾಷೆಯಾಡುವ ಗೌಡರು, ಒಂದು ಆನೆ ಬಿಡಿಸಿದರು. ಕಾಫಿ ತೋಟದೊಳಗೆ ನುಗ್ಗಿ ಗಿಡ ತುಳಿಯುವ ಆನೆ. ಮುದ್ದಿ ಕಾಗದ ವಾಪಸು ಕೊಟ್ಟಳು.

"ನಂಗೆ ಬರಿಯೋಕೆ ಬರಾಕಿಲ್ಲ ಅವ್ವಾ."

"ಮತ್ತೇನು ಬರ್ತದೆ ನಿಮ್ಗೆ?"

"ಬೈಯೋಕೆ ಬತ್ತದೆ."

ಮುದ್ದಿ ನೆಲ್ಯಹುದಿಕೇರಿ ಕಡೆಯ ಎಸ್ಟೇಟೊಂದರಲ್ಲಿ ಕೂಲಿಯವರಿಗೆ ಸಾಲಾಗಿ ಕಟ್ಟಿದ ಲೈನ್ ಮನೆಯವಳು. ಪ್ರತಿ ಮೇ ತಿಂಗಳಲ್ಲಿ ದಕ್ಷಿಣ ಕೊಡಗಿನ ಕುಂಡೆ ಹಬ್ಬಕ್ಕೆ ತಪ್ಪದೆ ಹೋಗುವವಳು. ತೋಟಗಳಲ್ಲಿ ದುಡಿಯುವ ಆದಿವಾಸಿಗಳು ಅಂದು ವಿಚಿತ್ರ ವೇಷ ಹಾಕಿ, ಡಬ್ಬ ಬಡಿದು, ಎದುರಿಗೆ ಸಿಕ್ಕವರನ್ನೆಲ್ಲ ಹಾಡಿನಲ್ಲಿ ಬೈಯುತ್ತಾರೆ. ಮಾಲೀಕನಿರಲಿ, ಪೊಲೀಸನಿರಲಿ, ದೇವರಿಗೇ ಅಂದು ರಿಯಾಯಿತಿಯಿಲ್ಲ. ವರ್ಷಪೂರ್ತಿ ಬಾಯಿ ಮುಚ್ಚಿಕೊಂಡವರು ಒಂದು ದಿನ ಬಾಯಿ ತೆರೆಯುತ್ತಾರೆ, ಸಂಜೆಗೆ ದೇವರ ಎದುರು ತಲೆಬಾಗಿ ಮನೆಗೆ ಹೋಗುತ್ತಾರೆ. ಈ ವರ್ಷ ಆಸ್ಪತ್ರೆಯ ಓಡಾಟದಲ್ಲಿ ಅವಳಿಗೆ ಹಬ್ಬ ತಪ್ಪಿತ್ತು. ಬೈಗುಳ ಹಾಗೆಯೇ ಉಳಿದುಹೋಗಿತ್ತು. ಖಾಲಿ ಬಿಸ್ಕತ್ತಿನ ಡಬ್ಬವೊಂದನ್ನು ಮಂಡಿಯ ಮೇಲಿಟ್ಟುಕೊಂಡು, ಸೂಜಿಯಿಲ್ಲದ ಕೈಯಿಂದ ಬಡಿಯುತ್ತಾ, ತನ್ನ ಎದೆಯ ಗಂಟಿಗೆ ಹೇಳಿದಳು:

ಕರೀದೆ ಬಂದ ಗಂಟೇ, ನಿನ್ನೂರು ಯಾವ್ದು ಹೇಳು
ಉಂಡೆಲೆ ಎತ್ತದೆ ಕುಂತೀಯಲ್ಲ, ಕೇಳು
ಎದ್ದೋಗು ಅಂದ್ರೆ ಹಲ್ಲು ಕಿರೀತೀಯ
ನಿನ್ನ ಕುಂಡೆಗಿಡ್ತೀನಿ ಕಾದ ರೊಟ್ಟಿ ಹಂಚು

ಮೊದಲು ನರ್ಸ್ ನಕ್ಕಳು. ಮೂರು ತಿಂಗಳಿಂದ ಗಂಜಿ ನೋಡಿದರೆ ಮುಖ ತಿರುಗಿಸುತ್ತಿದ್ದ ಮೊಣ್ಣಪ್ಪನವರು ಡಬ್ಬ ಕೇಳಿ ಪಡೆದರು. ತಮ್ಮ ಆನೆಯ ವಂಶವನ್ನು ಮೂರು ತಲೆಮಾರಿನವರೆಗೆ ಬೈದು, ನನ್ನತ್ತ ತಿರುಗಿ, "ಟೀಚರೇ, ನನ್ನ ಬಾಯಿಗೆ ರುಚಿ ಇಲ್ಲೆ. ಬೈಯಿಕೆ ಆದ್ರೂ ಉಪಯೋಗಕ್ಕೆ ಬಾತ್" ಎಂದರು.

ನನ್ನ ಸರದಿಯೂ ಬಂತು. ನನ್ನ ಗಂಟಿನ ಮೇಲೆ ನನಗೆ ಅಂಥ ದ್ವೇಷವಿರಲಿಲ್ಲ. ದ್ವೇಷವಿದ್ದದ್ದು, ನೋಡಲು ಬಂದು "ಹಿಂದಿನ ಜನ್ಮದ್ದು ಇರಬೇಕು" ಎಂದು ನಿಟ್ಟುಸಿರು ಬಿಟ್ಟ ಬಂಧುವಿನ ಮೇಲೆ. ಲಕ್ಷ್ಮಣ ಫಲ ತಿಂದರೆ ಎಲ್ಲ ಹೋಗುತ್ತದೆಂದು ಚೀಲದಲ್ಲಿ ತಂದುಕೊಟ್ಟ ಏಳು ಜನರ ಮೇಲೆ. ನಾನು ಕೋಣೆಗೆ ಬಂದಾಗಲೆಲ್ಲ ಮಾತು ತಗ್ಗಿಸುತ್ತಿದ್ದ ನನ್ನದೇ ಮನೆಯವರ ಮೇಲೆ. ಒಂದು ವಾರ ಕೂತು ಭಾಮಿನಿ ಷಟ್ಪದಿಯಲ್ಲಿ ಬೈಗುಳ ಬರೆದು, ಪ್ರಾಸ ತಿದ್ದಿ, ಮುಂದಿನ ಬುಧವಾರ ಓದಿದೆ. ಮುದ್ದಿ ಗಂಭೀರವಾಗಿ ಕೇಳಿಸಿಕೊಂಡಳು.

"ಅವ್ವಾ, ಇದು ಬೈಗುಳಾನೋ ಮದ್ವೆ ಕಾಗ್ದಾನೋ?"

"ಯಾಕೆ, ಏನಾಯ್ತು?"

"ಬೈಸ್ಕೊಂಡೋನು ಥ್ಯಾಂಕ್ಸ್ ಹೇಳಿ ಹೋಯ್ತಾನೆ. ಹೊಟ್ಟೆಯಿಂದ ಬರ್ಬೇಕು. ತಗೊಳ್ಳಿ ಡಬ್ಬ."

ಡಬ್ಬ ಬಡಿದೆ. ಏನು ಹೇಳಿದೆನೆಂದು ಇಲ್ಲಿ ಬರೆಯಲಾರೆ, ಸಂಪಾದಕರು ಸಭ್ಯರು. ಹೇಳಿ ಮುಗಿಸಿದಾಗ ನಗುತ್ತಿದ್ದೆ, ನಡುವೆ ಎಲ್ಲೋ ಅಳುವೂ ಸೇರಿಕೊಂಡಿತ್ತು. ಕಾಯಿಲೆ ತಿಳಿದ ಮೇಲೆ ನಾನು ಅತ್ತದ್ದು ಅದೇ ಮೊದಲು. ಅಂದು ಸಂಜೆ ಮನೆಗೆ ಹೋಗಿ, ಪಿಸುಗುಟ್ಟುವುದನ್ನು ನಿಲ್ಲಿಸಿ ಎಂದೆ. ನಿಲ್ಲಿಸಿದರು.

ಈಗ ತಮ್ಮ ಆಕ್ಷೇಪಕ್ಕೆ ಬರೋಣ. ಹಾಡು ಅಸಭ್ಯ ಎಂದಿರಿ. ಯಾವ ಪದ? ಕುಂಡೆ ಎಂಬುದೇ? ನಿಘಂಟು ತೆಗೆದು ನೋಡಿದ್ದೇನೆ, ಪದ ಅಲ್ಲಿದೆ. ತಾವೂ ಅದರ ಮೇಲೆಯೇ ಕೂತು ಆದೇಶಕ್ಕೆ ಸಹಿ ಮಾಡಿದ್ದೀರಿ. ತಮ್ಮ ವಾರ್ಡಿನಲ್ಲಿ ನಮ್ಮ ಮೊಲೆ, ಗುದ, ಗರ್ಭಕೋಶಗಳ ಹೆಸರನ್ನು ಇಡೀ ಕಾರಿಡಾರಿಗೆ ಕೇಳುವಂತೆ ಕೂಗಿ ಕರೆಯುತ್ತಾರೆ, ಫೈಲಿನ ಮೇಲೆ ದೊಡ್ಡ ಅಕ್ಷರದಲ್ಲಿ ಬರೆಯುತ್ತಾರೆ. ಪರದೆಯಿಲ್ಲದ ಕೋಣೆಯಲ್ಲಿ ರವಿಕೆ ತೆಗೆಯಲು ಹೇಳುತ್ತಾರೆ. ಆಗ ಸಭ್ಯತೆ ಯಾವ ಕುರ್ಚಿಯಲ್ಲಿ ಕೂತಿತ್ತು? ನಮ್ಮ ಅಂಗಗಳ ಹೆಸರನ್ನು ಎಲ್ಲರೂ ಹೇಳಬಹುದು, ನಾವು ಹೇಳಿ ನಕ್ಕರೆ ಮಾತ್ರ ಅಸಭ್ಯವೇ?

ಬೈಗುಳದ ಜಾಗದಲ್ಲಿ ತಾವು ಕೊಟ್ಟದ್ದೇನು? ಚಿಟ್ಟೆಯ ಜೆರಾಕ್ಸ್. ಕೆಳಗೆ "ನಾನು ಶಾಂತ, ನಾನು ಸ್ವಸ್ಥ" ಎಂಬ ಸಾಲು. ಜೊತೆಗೆ ಒಂದು ಪೆಟ್ಟಿಗೆ ಬಣ್ಣದ ಕಡ್ಡಿ. ತೆರೆದು ನೋಡಿದರೆ ಕಪ್ಪು ಕಡ್ಡಿ ಇಲ್ಲ. ಆರೂ ಪೆಟ್ಟಿಗೆಗಳಲ್ಲಿ ಇಲ್ಲ. ವಿಚಾರಿಸಿದಾಗ, ಕಪ್ಪು ನಕಾರಾತ್ಮಕವಾದ್ದರಿಂದ ತೆಗೆದಿಡಲು ಸೂಚನೆ ಬಂದಿದೆ ಎಂದು ನರ್ಸ್ ತಲೆ ತಗ್ಗಿಸಿ ಹೇಳಿದಳು. ಮಾನ್ಯರೇ, ಈ ಜಿಲ್ಲೆ ಬೆಳೆಯುವುದು ಕರಿಮೆಣಸು, ಕುಡಿಯುವುದು ಕಪ್ಪು ಕಾಫಿ. ಇಲ್ಲಿ ಕಪ್ಪನ್ನು ನಿಷೇಧಿಸಲು ಹೊರಟ ಮೊದಲಿಗರು ತಾವು. ಮೊಣ್ಣಪ್ಪನವರು ಆನೆಯನ್ನು ಗುಲಾಬಿ ಬಣ್ಣದಲ್ಲಿ ಬಿಡಿಸಬೇಕೇ? ಕೂದಲು, ಹುಬ್ಬು, ರೆಪ್ಪೆ ಎಲ್ಲ ಉದುರಿದವಳಿಗೆ "ನಾನು ಸ್ವಸ್ಥ" ಎಂದು ಬರೆದ ಚಿಟ್ಟೆ ಕೊಡುವುದಕ್ಕಿಂತ ದೊಡ್ಡ ಬೈಗುಳವನ್ನು ಮುದ್ದಿಯೂ ಕಟ್ಟಿರಲಿಲ್ಲ.

ಹಾಡಿದರೆ ಗಂಟು ಕರಗುತ್ತದೆ ಎಂದು ನಾನು ಹೇಳುತ್ತಿಲ್ಲ. ಹಾಗೆ ಹೇಳುವವರು ಲಕ್ಷ್ಮಣ ಫಲ ತಂದುಕೊಡುತ್ತಾರೆ. ಗಂಟನ್ನು ಕರಗಿಸುವುದು ಔಷಧಿಯ ಕೆಲಸ. ಔಷಧಿ ಇಳಿಯಬೇಕಾದರೆ ಮನುಷ್ಯ ಕುರ್ಚಿಗೆ ಬರಬೇಕಷ್ಟೆ. ವಾಂತಿ, ಬಾಯಿಹುಣ್ಣು, ಉರಿಯುವ ಅಂಗಾಲು ಹೊತ್ತುಕೊಂಡು, ಎರಡು ಬಸ್ಸು ಬದಲಿಸಿ, ಮತ್ತೆ ಅದೇ ಸೂಜಿಗೆ ಕೈಯೊಡ್ಡಲು ಬರುವುದಕ್ಕೆ ಒಂದು ಕಾರಣ ಬೇಕು. ಹಾಡಿದ ಅಷ್ಟೂ ಬುಧವಾರ ಆರು ಕುರ್ಚಿಗಳೂ ತುಂಬಿದ್ದವು. ಹಾಜರಿ ಪುಸ್ತಕ ತಮ್ಮ ಕಪಾಟಿನಲ್ಲೇ ಇದೆ, ತೆಗೆದು ನೋಡಿ.

ಕಾಡಿನ ಮಾತಿಗೂ ಬರಬೇಕು. ಹನ್ನೆರಡು ವರ್ಷದ ಹಿಂದೆ ಈ ಆಸ್ಪತ್ರೆ ಉದ್ಘಾಟನೆಯಾದಾಗ ಪ್ರಾರ್ಥನೆ ಹಾಡಲು ನಮ್ಮ ಶಾಲೆಯ ಮಕ್ಕಳನ್ನು ಕರೆತಂದವಳು ನಾನೇ. ಅಂದು "ಈ ನೆಲದ ಸಂಸ್ಕೃತಿ" ಎಂದು ಧ್ವನಿವರ್ಧಕದಲ್ಲಿ ಸಾರಿ, ಲೈನ್ ಮನೆಗಳಿಂದ ಹೆಂಗಸರನ್ನು ಜೀಪಿನಲ್ಲಿ ತಂದು ದಾನಿಗಳೆದುರು ಕುಣಿಸಿದಿರಿ. ಆ ಫೋಟೊ ಇಂದಿಗೂ ತಮ್ಮ ಆಸ್ಪತ್ರೆಯ ಪರಿಚಯ ಪುಸ್ತಿಕೆಯ ಮೂರನೆಯ ಪುಟದಲ್ಲಿದೆ. ಎಡದಿಂದ ಎರಡನೆಯವಳು ಮುದ್ದಿ. ಅವಳ ಕಾಡು ದಾನಿಗಳೆದುರು ಕುಣಿದರೆ ಸಂಸ್ಕೃತಿ, ತನ್ನ ನೋವಿಗಾಗಿ ಹಾಡಿದರೆ ಅಸಭ್ಯ. ಈ ವಿಂಗಡಣೆ ಮಾಡುವ ಇಲಾಖೆ ಯಾವುದು?

ಕಳೆದ ಭಾನುವಾರ ಚಂದನಾಳನ್ನು ಕರೆದುಕೊಂಡು ಮುದ್ದಿಯ ಲೈನ್ ಮನೆಗೆ ಹೋಗಿದ್ದೆ. ಇನ್ನಷ್ಟು ತೆಳ್ಳಗಾಗಿದ್ದಾಳೆ. ಕರಿಕಾಫಿ ಕೊಟ್ಟಳು.

"ನಾಲ್ಕೇ ನಾಲ್ಕು ಉಳಿದಿದೆ ಮುದ್ದಿ. ಬಾ."

"ಹಬ್ಬದಲ್ಲಿ ದೇವ್ರಿಗೇ ಬೈತೀವಿ ಅವ್ವಾ. ಅವ್ನು ಒಂದಿನಾನೂ ಹೊರ್ಗೆ ಹೋಗು ಅನ್ನಿಲ್ಲ. ನಿಮ್ ಸಾಯೇಬ್ರು ಅವ್ನಿಗಿಂತ ದೊಡ್ಡೋರಾ?"

"ಸಾಹೇಬರಿಗಾಗಿ ಬರಬೇಡ. ನಿನಗಾಗಿ ಬಾ."

"ನಂಗಾಗೇ ಬತ್ತಿದ್ದೆ. ಅಲ್ಲಿ ನಗು ಇತ್ತು. ಬರೀ ವಾಂತಿ ಮಾಡೋಕಾದ್ರೆ ಅಷ್ಟು ದೂರ ಯಾಕೆ ಬರ್ಲಿ, ಇಲ್ಲೇ ಮಾಡ್ತೀನಿ."

ಚಂದನಾ ಅತ್ತಳು. ಮುದ್ದಿ ಅವಳ ಬೆನ್ನು ಸವರಿ, "ಅಳ್ಬೇಡ ಮಗಾ, ನಿಂಗೇನೂ ಬೈದಿಲ್ಲ" ಎಂದಳು. ಯಾರು ಯಾರಿಗೆ ಚಿಕಿತ್ಸೆ ಕೊಡುತ್ತಿದ್ದಾರೆಂದು ತಮ್ಮ ಸಕಾರಾತ್ಮಕ ಆದೇಶವೇ ತೀರ್ಮಾನಿಸಲಿ.

ನನ್ನ ಬೇಡಿಕೆ ಇಷ್ಟು. ಆದೇಶವನ್ನು ಹಿಂಪಡೆಯಿರಿ. ಕಪ್ಪು ಕಡ್ಡಿಗಳನ್ನು ಪೆಟ್ಟಿಗೆಗೆ ವಾಪಸು ಹಾಕಿಸಿ. ಬರುವ ಬುಧವಾರ ಆಗಸ್ಟ್ ಹದಿಮೂರು. ಅದಕ್ಕೂ ಮೊದಲು, ಡ್ರೈವರನ ಕೈಲಿ ಹೇಳಿ ಕಳಿಸದೆ, ತಾವೇ ಲೈನ್ ಮನೆಗೆ ಹೋಗಿ ಮುದ್ದಿಯನ್ನು ಕರೆಯಿರಿ. ಅವಳು ಬೈದರೆ ಕೇಳಿಸಿಕೊಳ್ಳಿ. ಈ ಜಿಲ್ಲೆಯಲ್ಲಿ ದೇವರೇ ಕೇಳಿಸಿಕೊಂಡಿದ್ದಾನೆ, ತಮ್ಮ ಹುದ್ದೆಗೆ ಕುಂದು ಬಾರದು.

ನನ್ನ ಪತ್ರಕ್ಕೆ ಖಾಸಗಿ ಉತ್ತರ, ವಿಷಾದದ ಫೋನು, ಹಣ್ಣಿನ ಬುಟ್ಟಿ ಯಾವುದೂ ಬೇಡ. ಎಲ್ಲರೆದುರು ಅಂದ ಮಾತಿಗೆ ಎಲ್ಲರೆದುರೇ ಉತ್ತರ ಬೇಕು. ಬರೆದು ನೋಟಿಸ್ ಬೋರ್ಡಿಗೆ ಅಂಟಿಸಿ, ನಾವು ಐವರು ಓದಿಕೊಳ್ಳುತ್ತೇವೆ. ಮುದ್ದಿಗೆ ಓದಲು ಬರುವುದಿಲ್ಲ. ಆದ್ದರಿಂದ ಅವಳ ಕುರ್ಚಿಯ ಎದುರು ನಿಂತು, ಅವಳಿಗೆ ಕೇಳಿಸುವಷ್ಟು ಗಟ್ಟಿಯಾಗಿ, ತಾವೇ ಓದಿ ಹೇಳಬೇಕು.

ಇಂತಿ,
ತಮ್ಮ ವಾರ್ಡಿನ ಶಾಂತಿಗೆ ಭಂಗ ತಂದ, ಕೂದಲು ಹೋಗಿ ನಾಲಿಗೆ ಮಾತ್ರ ಉಳಿದಿರುವ
ಗೋಮತಿ
ನಿವೃತ್ತ ಕನ್ನಡ ಶಿಕ್ಷಕಿ, ಮಡಿಕೇರಿ