ಹುಸೇನ್‌ಬಿ ತಂದ ಸಂಬಂಧ

ಹುಬ್ಬಳ್ಳಿ,
ಫೆಬ್ರವರಿ ೩೦, ೨೧೮೬

ಹಿಂದಿನ ಕಾಲದ ಹಿರಿಯರಿಗೆ ಶಿವಲೀಲಾ ಮಾಡುವ ನಮಸ್ಕಾರಗಳು.

ಈ ತಾರೀಖು ನಿಮ್ಮ ಕ್ಯಾಲೆಂಡರಿನಲ್ಲಿ ಸಿಗದು. ನಮ್ಮಲ್ಲಿ ಫೆಬ್ರವರಿಗೂ ಮೂವತ್ತು ದಿನ. ಮಾತಿನಲ್ಲಿ ಗುರುತಿಲ್ಲದ ಪದ ಬಂದರೆ ಮನ್ನಿಸಿ.

ಕೆಲವು ವರ್ಷಗಳ ಹಿಂದೆ ಗದಗಿಗೆ ಹೋಗುವ ನೆಲದಡಿಯ ರೈಲುದಾರಿ ಕುಸಿಯಿತು. ನನ್ನ ಗಂಡ ಗುರುಪಾದ ಬದುಕಿ ಬಂದರು, ನೆನಪು ಬರಲಿಲ್ಲ. ಆಸ್ಪತ್ರೆಯಲ್ಲಿ ನನ್ನನ್ನು ಕಂಡು ಎದ್ದು ನಿಂತು, ನೀವು ಯಾರೆಂದು ಮರ್ಯಾದೆಯಿಂದ ಕೇಳಿದರು. ಗುರುತಿಲ್ಲದವಳ ಮನೆಗೆ ಬರಲಾರೆನೆಂದು ಆರೈಕೆಮನೆಯಲ್ಲೇ ಉಳಿದರು.

ವೈದ್ಯರು ಅವರಿಗೆ ಬಾಳುಚಿತ್ರ ತೋರಿಸಿದರು. ಮರೆತವರ ಬದುಕನ್ನು ಬೀದಿಬೀದಿಯ ಕ್ಯಾಮೆರಾಗಳಿಂದ ಹೆಕ್ಕಿ, ಸಿಗದ ಕಡೆ ಯಂತ್ರವೇ ಊಹಿಸಿ ತುಂಬುವ ಸಿನಿಮಾ ಅದು. ನಮ್ಮ ಮದುವೆಯ ಭಾಗ ನೋಡುತ್ತ ನಾನು ಅಳುತ್ತಿದ್ದೆ. ಪರದೆಯ ಮೇಲಿದ್ದ ನನ್ನನ್ನು ತೋರಿಸಿ, ಆ ನಟಿ ಚೆನ್ನಾಗಿ ಮಾಡಿದ್ದಾಳೆ ಎಂದರು ಅವರು.

ಆಗ ಬಂದವರು ಹುಸೇನ್‌ಬಿ. ಅವರ ಮಗಳು ಮೆಹರುನ್ ಅದೇ ಸುರಂಗದಲ್ಲಿ, ನನ್ನ ಗಂಡನ ಕೈ ಹಿಡಿದೇ ತೀರಿಕೊಂಡಿದ್ದಳು. ಇಬ್ಬರನ್ನೂ ಹಾಗೆಯೇ ಹೊರತೆಗೆದರಂತೆ; ಅವಳ ಕೊನೆಯ ಮಾತು ಕೇಳಿದ್ದರೆ ಇವರೊಬ್ಬರೇ. ಅದನ್ನು ಕೇಳಲೆಂದು ಬಂದ ತಾಯಿಗೆ ಇವರು ನೆನಪಿಲ್ಲವೆಂದು ಕೈಮುಗಿದು ಅಳತೊಡಗಿದರು. ಹುಸೇನ್‌ಬಿ ಹೊರಟುಹೋಗಲಿಲ್ಲ. ಪಕ್ಕದಲ್ಲಿ ಕುಳಿತು, ಬೆನ್ನು ಸವರುತ್ತ, ಅಂದು ಮಾಡಿದ ಬದನೆಕಾಯಿ ಪಲ್ಯದ ಸುದ್ದಿ ಹೇಳಿದರು. ಮರುವಾರ ಆ ಪಲ್ಯವನ್ನೇ ತಂದರು. ನನ್ನ ಕೈ ಸೋಕಿದರೆ ಸರಿದು ಕೂರುತ್ತಿದ್ದವರು ಆಕೆಯ ಕೈತುತ್ತು ಉಂಡರು. ನನಗೆ ಹೊಟ್ಟೆಕಿಚ್ಚಾಯಿತು.

ಸುರಂಗದ ದೃಶ್ಯವನ್ನೂ ಮಾಡಿಕೊಡುತ್ತೇವೆ, ಮಗಳ ಮಾತನ್ನು ಯಂತ್ರ ತುಂಬುತ್ತದೆ ಎಂದು ಆಸ್ಪತ್ರೆಯವರು ಮುಂದೆ ಬಂದರು. ಹುಸೇನ್‌ಬಿ ಕೈಯಲ್ಲಿದ್ದ ಊಟದ ಡಬ್ಬಿ ಕೆಳಗಿಟ್ಟರು.

"ಯಾರೋ ಬರೆದ ಮಾತು ನನ್ನ ಮಗಳ ಬಾಯಾಗ ತುರಕಬ್ಯಾಡ್ರಿ," ಎಂದರು. "ಆಕಿ ಏನಂದ್ಲೋ ಗೊತ್ತಿಲ್ಲ. ಆದ್ರ ಒಬ್ಬಾಕೀನ ಇರಲಿಲ್ಲ. ನನಗ ಅಷ್ಟ ಸಾಕು."

ಅಂದಿನಿಂದ ನಾನೂ ಹಳೆಯದನ್ನು ನೆನಪಿಸುವುದು ಬಿಟ್ಟೆ. ಊಟ ಆಯಿತೇ, ನಿದ್ದೆ ಬಂತೇ ಎಂದಷ್ಟೇ ಕೇಳುತ್ತಿದ್ದೆ. ಮೂವರೂ ಕೂಡಿ ಚಹಾ ಕುಡಿಯುತ್ತಿದ್ದೆವು. ನಿಧಾನವಾಗಿ ಅವರು ನನ್ನ ದಾರಿ ಕಾಯತೊಡಗಿದರು.

ಕಳೆದ ತಿಂಗಳು ಹುಸೇನ್‌ಬಿ ಸಕ್ಕರೆ, ತೆಂಗಿನಕಾಯಿ ಹಿಡಿದು ನನ್ನ ಮನೆಗೆ ಬಂದರು. ಬಾಗಿಲ ಹೊರಗೆ ಇಸ್ತ್ರಿ ಮಾಡಿದ ಅಂಗಿ ತೊಟ್ಟು ನನ್ನ ಗಂಡ ತಲೆ ತಗ್ಗಿಸಿ ನಿಂತಿದ್ದರು.

"ಹೆಣ್ಣ ಕೇಳಾಕ ಬಂದೇನಿ," ಎಂದರು ಆಕೆ. "ಹುಡುಗ ಚಲೋ ಅದಾನ. ಮರೆವು ಒಂದೀಟು ಜಾಸ್ತಿ. ನಿನ್ನ ಮನಸಿನ್ಯಾಗ ಏನೈತಿ, ಹೇಳವಾ."

ನಾನು ಒಪ್ಪಿದೆ.

ಅಂಥ ಯಂತ್ರಗಳು ನಿಮ್ಮ ಕಾಲದಲ್ಲಿ ಈಗಷ್ಟೇ ಕಣ್ಣು ಬಿಡುತ್ತಿವೆ. ಸತ್ತವರ ಬಾಯಿಗೆ ಮಾತು ಕೊಡುತ್ತೇವೆಂದು ಅವು ಬಂದರೆ ಬೇಡವೆನ್ನಿ. ಮರೆತವರ ಪಕ್ಕದಲ್ಲಿ ಕುಳಿತುಕೊಳ್ಳಿ, ಅದು ನಿಮ್ಮಿಂದ ಆಗುತ್ತದೆ.

ನಾಳೆ ನಮ್ಮ ಮದುವೆ. ನಿಮ್ಮನ್ನು ಕರೆಯಲು ದಾರಿಯಿಲ್ಲ. ಇದ್ದಲ್ಲಿಂದಲೇ ಹರಸಿ.

ಶಿವಲೀಲಾ