ಹನ್ನೊಂದು ಊರುಗಳಲ್ಲಿ ಅಜ್ಜಿಯ ಊರು

ಮಾರ್ಚ್ ೧೪, ಗುರುವಾರ

ಬಸ್ಸಿನಲ್ಲಿ ತಲೆ ಸುತ್ತಿ ಬಿದ್ದ ಅಜ್ಜಿಯೊಬ್ಬರನ್ನು ಸೋಮವಾರ ನಾನು ಕೆಲಸ ಮಾಡುವ ಆಸ್ಪತ್ರೆಗೆ ತಂದಾಗ, ದಾಖಲೆಯಲ್ಲಿ "ವಿಳಾಸ ಗೊತ್ತಿಲ್ಲ" ಎಂದು ಬರೆದವಳು ನಾನೇ. ಅವರಿಗೆ ಊರಿನ ಹೆಸರೊಂದು ಬಿಟ್ಟು ಬೇರೇನೂ ನೆನಪಿರಲಿಲ್ಲ. ಅದೇ ಮನಸ್ಸನ್ನು ಕೊರೆಯುತ್ತಿತ್ತು.

ಇವತ್ತು ಆ ಹೆಸರನ್ನು ಆನ್‌ಲೈನ್ ಪಿನ್‌ಕೋಡ್ ಪಟ್ಟಿಯಲ್ಲಿ ಹುಡುಕಿದೆ. ಒಂದೇ ಹೆಸರಿನ ಹನ್ನೊಂದು ಊರುಗಳು! ಅಜ್ಜಿಯ ಪಕ್ಕ ಕೂತೆ.

"ಅಜ್ಜೀ, ನಿಮ್ಮನೆ ಹತ್ರ ಏನಿದೆ?"

"ಹಿಂದೆ ರೈಲು ಹೋಗುತ್ತಮ್ಮ, ಮುಂದೆ ಹೊಳೆ. ಎರಡರ ಗಲಾಟೇಲಿ ನಿದ್ದೆ ಎಲ್ಲಿ ಬರುತ್ತೆ?"

ನಕ್ಷೆಯಲ್ಲಿ ಒಂದೊಂದೇ ಊರನ್ನು ತೆರೆದು ನೋಡಿದೆ. ಹೊಳೆ, ರೈಲು ಎರಡೂ ಇದ್ದದ್ದು ಒಂಬತ್ತನೆಯ ಊರಿನಲ್ಲಿ ಮಾತ್ರ. ಪಿನ್‌ಕೋಡ್ ಹಾಕಿ ಅಲ್ಲಿಯ ಅಂಚೆ ಕಚೇರಿಯ ನಂಬರ್ ಪತ್ತೆಮಾಡಿ, ಫೋನ್ ಮಾಡಿ ಅಜ್ಜಿಯ ಚಹರೆ ವಿವರಿಸಿದೆ.

"ಅಯ್ಯೋ, ನಮ್ಮ ಟೈಲರಮ್ಮ!" ಎಂದರು ಪೋಸ್ಟ್‌ಮಾಸ್ಟರ್. "ಅವರ ತಮ್ಮ ಹುಡುಕಿ ಹುಡುಕಿ ಸೋತಿದ್ದಾರೆ. ಇರಿ, ಕರೆಸ್ತೀನಿ."

ಸ್ವಲ್ಪ ಹೊತ್ತಿಗೆ ತಮ್ಮನೇ ಫೋನ್ ಮಾಡಿದರು. ಫೋನನ್ನು ಅಜ್ಜಿಯ ಕಿವಿಗಿಟ್ಟೆ. ಅವರು "ಅಕ್ಕಾ" ಎಂದು ಅತ್ತದ್ದು ನನಗೂ ಕೇಳಿಸಿತು. ತನ್ನ ಹೆಸರೇ ಮರೆತಿದ್ದ ಅಜ್ಜಿ ಗದರಿದರು: "ಅಳಬೇಡ್ವೋ ಪುಟ್ಟಾ. ಊಟ ಮಾಡಿದ್ಯಾ?"

ದನಿ ಕೇಳಿದರೆ ಪುಟ್ಟನಿಗೆ ಎಪ್ಪತ್ತು ದಾಟಿರಬೇಕು. ಹೊರಟಿದ್ದಾರಂತೆ. ಕಣ್ಣು ಎಳೆಯುತ್ತಿದೆ, ಆದರೂ ಖುಷಿಗೆ ನಿದ್ದೆ ಬರುವ ಹಾಗೆ ಕಾಣ…